ಹನ್ನೆರಡು ಡಿಗ್ರಿ ಎಡಕ್ಕೆ

“ನಿಮ್ಮ ಕಂಬಕ್ಕೆ ನಿದ್ದೆ ಬಂದಿದೆ. ಅರ್ಧ ಡಿಗ್ರಿ ವಾಲಿದೆ. ಓವರ್.”

ಅವಳು ಅವನ ಜೊತೆ ಆಡಿದ ಮೊದಲ ಮಾತು ಇದು. ಅದೂ ವಾಕಿಟಾಕಿಯಲ್ಲಿ, ರಸ್ತೆಯ ಆಚೆ ಬದಿಯ ಕಟ್ಟಡದ ಮಹಡಿಯಿಂದ. ಬೇರೆಯವರ ಪ್ರೇಮಕ್ಕೆ ಬೆಳದಿಂಗಳು ಬೇಕು, ಹೂವಿನ ತೋಟ ಬೇಕು. ನಮ್ಮವನ ಪಾಲಿಗೆ ಬಂದದ್ದು ಕರಕರ ಎನ್ನುವ ಒಂದು ಡಬ್ಬಿ, ಅದರೊಳಗಿಂದ ಒಂದು ಬೈಗುಳ.

ಅವನಿಗೆ ಸಿಟ್ಟು ಬಂತು. ಬರದೇ ಇರುತ್ತದೆಯೇ? ಹನ್ನೊಂದು ವರ್ಷದಿಂದ ಆಂಟೆನಾ ಕಂಬ ನಿಲ್ಲಿಸುವುದೇ ಅವನ ಕಸುಬು. ಆಫೀಸಿನಲ್ಲಿ ಎಲ್ಲರೂ ಅವನ ಹೆಸರು ಮರೆತು ‘ಕಂಬ’ ಎಂದೇ ಕರೆಯುತ್ತಿದ್ದರು. ಈಗಲೇ ತೋರಿಸುತ್ತೇನೆ ಎಂದು ರಸಮಟ್ಟ ತಂದು ಕಂಬಕ್ಕೆ ಒತ್ತಿ ಹಿಡಿದ. ಒಳಗಿನ ಗುಳ್ಳೆ ನಡುಗೆರೆ ಬಿಟ್ಟು ಸ್ವಲ್ಪವೇ ಸ್ವಲ್ಪ ಪಕ್ಕಕ್ಕೆ ನಿಂತಿತ್ತು.

“ಹೌದು ಮೇಡಂ. ಅರ್ಧ ಡಿಗ್ರಿ.”

“ಓವರ್ ಹೇಳ್ಲಿಲ್ಲ ನೀವು. ಓವರ್.”

“ಹೌದು ಮೇಡಂ, ಅರ್ಧ ಡಿಗ್ರಿ, ಓವರ್ ಮೇಡಂ. ಓವರ್.”

ಅವಳು ನಕ್ಕದ್ದು ಡಬ್ಬಿಯಲ್ಲೂ ಕೇಳಿಸಿತು, ಗಾಳಿಯಲ್ಲೂ ಕೇಳಿಸಿತು. ತಲೆಯೆತ್ತಿ ನೋಡಿದ. ಕಿವಿಗೆ ಪೆನ್ನು ಸಿಕ್ಕಿಸಿಕೊಂಡು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದವಳು ಅವನ ಕಡೆ ಕೈ ಬೀಸಿದಳು. ಕಂಬ ಅವತ್ತೇ ನೆಟ್ಟಗಾಯಿತು. ಕಂಬ ನಿಲ್ಲಿಸಿದವನು ಮಾತ್ರ ಅವತ್ತಿನಿಂದ ನೆಟ್ಟಗಿರಲಿಲ್ಲ.

ಅವಳು ಇಂಜಿನಿಯರ್. ಅವನ ಮಹಡಿಯ ಆಂಟೆನಾ ಕಳಿಸಿದ್ದನ್ನು ಅವಳ ಮಹಡಿಯ ರಿಸೀವರ್ ಒಂದೂ ತಪ್ಪಿಲ್ಲದೆ ಹಿಡಿಯಬೇಕು, ಅದೇ ಪ್ರಯೋಗ. ನಾಲ್ಕು ವರ್ಷದಿಂದ ಅವಳು ಅದರ ಹಿಂದೆ ಬಿದ್ದಿದ್ದಳು.

“ಇಷ್ಟು ನೆಟ್ಟಗೆ ಯಾಕ್ ಮೇಡಂ ಬೇಕು?” ಎಂದು ಎರಡನೇ ದಿನ ಅವನು ಕೇಳಿದ. “ಟಿವಿ ಆಂಟೆನಾ ಮೇಲೆ ಕಾಗೆ ಕೂತ್ರೂ ಚಿತ್ರ ಬರುತ್ತೆ. ಓವರ್.”

“ಬೇರೆಯವರು ಅಲೆ ಎಷ್ಟು ಜೋರಾಗಿದೆ ಅಂತ ನೋಡ್ತಾರೆ. ನಾನು ಅದು ಯಾವ ಕಡೆ ವಾಲಿದೆ ಅಂತ ನೋಡ್ತೀನಿ. ಅಲೆ ನೆಟ್ಟಗೆ ನಿಂತು ಬಂದ್ರೆ ಒಂದು ಮಾತು, ಅಡ್ಡ ಮಲಗಿ ಬಂದ್ರೆ ಇನ್ನೊಂದು, ಮಧ್ಯೆ ಓರೆಯಾಗಿ ಬಂದ್ರೆ ಬೇರೆ ಬೇರೆ. ಹೀಗೆ ಎಂಟು ಓರೆ, ಎಂಟು ಮಾತು. ಒಂದಕ್ಕೂ ಇನ್ನೊಂದಕ್ಕೂ ಇಪ್ಪತ್ತೆರಡೂವರೆ ಡಿಗ್ರಿ. ಅರ್ಥ ಆಯ್ತಾ? ಓವರ್.”

“ಕಂಬನೇ ವಾಲಿದ್ರೆ? ಓವರ್.”

“ಹನ್ನೊಂದು ಡಿಗ್ರಿವರೆಗೂ ನನ್ನ ರಿಸೀವರ್ ಸುಧಾರಿಸ್ಕೊಳ್ಳುತ್ತೆ. ಅದು ದಾಟಿದ್ರೆ ಪ್ರತಿಯೊಂದು ಮಾತೂ ಪಕ್ಕದ ಮಾತಾಗಿ ಕೇಳ್ಸುತ್ತೆ. ಮೂರನೇ ಮನೆ ಕಾಗದ ನಾಲ್ಕನೇ ಮನೆಗೆ, ನಾಲ್ಕನೇದು ಐದಕ್ಕೆ. ಅದಕ್ಕೇ ದಿನಾ ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ರಸಮಟ್ಟ ಇಟ್ಟು ನೋಡಿ ನನಗೆ ಹೇಳಿ. ಆ ವಿಷಯ ನಿಮ್ಮನ್ನ ನಂಬಿ ಬಿಟ್ಟಿದೀನಿ. ಓವರ್.”

ನಂಬಿ ಬಿಟ್ಟಿದ್ದೇನೆ ಎಂದಳಲ್ಲ, ಇವನು ದಿನಕ್ಕೆ ಎರಡು ಸಲವಲ್ಲ, ನಾಲ್ಕು ಸಲ ನೋಡಿ “ನೆಟ್ಟಗಿದೆ ಮೇಡಂ” ಎಂದು ಹೇಳತೊಡಗಿದ. ಪ್ರತಿ ಸಲವೂ ಅವಳು “ಥ್ಯಾಂಕ್ಸ್” ಎನ್ನುತ್ತಿದ್ದಳು. ಆ ನಾಲ್ಕು ಥ್ಯಾಂಕ್ಸ್ ಮೇಲೆ ಅವನ ದಿನ ಸಾಗುತ್ತಿತ್ತು.

ನಾಲ್ಕು ಗಂಟೆಯ ವಿಷಯ ಬೇರೆ. ಸರಿಯಾಗಿ ನಾಲ್ಕಕ್ಕೆ ಅವಳು ಕಾಫಿ ಕಪ್ ಹಿಡಿದು ತನ್ನ ಮಹಡಿಯ ಬೆಂಚಿಗೆ ಬರುತ್ತಿದ್ದಳು. ಆ ಬೆಂಚೋ, ನೀರಿನ ಟ್ಯಾಂಕಿನ ಹಿಂದೆ! ಇವನ ಮಹಡಿಯಿಂದ ನೋಡಿದರೆ ಕಾಣುವುದು ಟ್ಯಾಂಕಿನ ಹೊಟ್ಟೆ ಮಾತ್ರ. ಎಡಕ್ಕೆ ಸರಿದು ನೋಡೋಣವೆಂದರೆ ಕಂಬ ನಿಂತಿದ್ದೇ ಎಡ ಮೂಲೆಯಲ್ಲಿ. ಅದರ ಪಕ್ಕದಲ್ಲಿ ಮೋಟುಗೋಡೆ, ಗೋಡೆಯಾಚೆ ಬರೀ ಗಾಳಿ. ಮನಸ್ಸಿದ್ದಲ್ಲಿ ಮಾರ್ಗ. ಕಂಬವನ್ನು ಬಲತೋಳಿನಲ್ಲಿ ಬಳಸಿ ಹಿಡಿದು, ಭುಜಕ್ಕೆ ಭಾರ ಕೊಟ್ಟು, ಗೋಡೆಯಾಚೆ ಎಡಕ್ಕೆ ಒಂದಿಷ್ಟು ಜೋತುಬಿದ್ದರೆ ಟ್ಯಾಂಕಿನ ಅಂಚಿನಿಂದ ಅವಳು ಕಾಣಿಸುತ್ತಿದ್ದಳು.

ಅವಳು ಕಾಫಿ ಊದಿ ಕುಡಿಯುತ್ತಿದ್ದಳು. ಮೊದಲ ಗುಟುಕಿಗೆ ಕಣ್ಣು ಮುಚ್ಚುತ್ತಿದ್ದಳು. ಒಂದು ಕಾಲಿನ ಚಪ್ಪಲಿ ಬಿಚ್ಚಿ ಹೆಬ್ಬೆರಳಿನಲ್ಲಿ ಆಡಿಸುತ್ತಿದ್ದಳು. ಹನ್ನೆರಡು ನಿಮಿಷ ಹೀಗೆ ಇದ್ದು ಎದ್ದು ಹೋಗುತ್ತಿದ್ದಳು. ಇವನು ತೋಳು ಸಡಿಲಿಸಿದರೆ ಕಂಬ ತನ್ನಷ್ಟಕ್ಕೆ ತಾನು ನೆಟ್ಟಗಾಗುತ್ತಿತ್ತು. ಗಾಳಿಗೆ ಬಗ್ಗಿದರೂ ವಾಪಸ್ ನಿಲ್ಲಲಿ ಎಂದು ಬುಡಕ್ಕೆ ದಪ್ಪ ರಬ್ಬರ್ ಹಾಕಿದ್ದವನೂ ಇವನೇ. ಆಮೇಲೆ ಸಂಜೆ ರಸಮಟ್ಟ ಇಟ್ಟು ನೋಡಿದರೆ ಗುಳ್ಳೆ ನಟ್ಟನಡುವೆ ಇರುತ್ತಿತ್ತು.

“ನೆಟ್ಟಗಿದೆ ಮೇಡಂ. ಓವರ್.”

“ಥ್ಯಾಂಕ್ಸ್.”

ಓದುಗರಿಗೆ ಆಗಲೇ ಹೊಳೆದಿದೆ. ಅವನಿಗೆ ಹೊಳೆಯಲಿಲ್ಲ. ಪ್ರೇಮದಲ್ಲಿ ಬಿದ್ದವನ ತಲೆ ಖಾಲಿ ಇರುತ್ತದೆ ಎನ್ನುವುದು ತಪ್ಪು. ತುಂಬಿರುತ್ತದೆ, ಬೇರೆ ಯಾವುದಕ್ಕೂ ಜಾಗವಿರುವುದಿಲ್ಲ ಅಷ್ಟೆ.

ಎರಡನೇ ವಾರ ಅವಳ ದನಿ ಬದಲಾಯಿತು. “ದಿನಾ ನಾಲ್ಕು ಗಂಟೆಗೆ ತಪ್ಪು ಬರ್ತಿದೆ,” ಎಂದಳು. “ಹನ್ನೆರಡು ನಿಮಿಷ ಬರೀ ಕಸ. ಆಮೇಲೆ ಎಲ್ಲ ಸರಿಹೋಗುತ್ತೆ. ನಿಮ್ಮ ಕಡೆ ಏನಾದ್ರೂ ವಿಶೇಷ ಇದೆಯಾ? ಓವರ್.”

ಅವನ ಕಡೆ ನಾಲ್ಕು ಗಂಟೆಗೆ ವಿಶೇಷವಿಲ್ಲದೆ ಇನ್ನೇನು? ಆದರೆ ಅದು ಹೇಳುವಂಥದ್ದಲ್ಲ.

“ಏನಿಲ್ಲ ಮೇಡಂ. ಕಂಬ ನೆಟ್ಟಗಿದೆ. ಓವರ್.”

ಹುಡುಕಾಟ ಶುರುವಾಯಿತು. ಮೊದಲ ಅನುಮಾನ ಪಾರಿವಾಳದ ಮೇಲೆ, ಆಮೇಲೆ ಲಿಫ್ಟಿನ ಮೋಟಾರಿನ ಮೇಲೆ. ಅವಳು ಒಂದು ದಿನ ಕಾಫಿ ಬಿಟ್ಟು ನಾಲ್ಕು ಗಂಟೆಗೆ ಪರದೆಯ ಮುಂದೆಯೇ ಕೂತಳು. ತಪ್ಪು ಬರಲಿಲ್ಲ. ಮರುದಿನವೂ ಕೂತಳು, ಬರಲಿಲ್ಲ. ಮೂರನೇ ದಿನ ಬೇಸತ್ತು ಕಾಫಿಗೆ ಹೋದಳು, ಹನ್ನೆರಡು ನಿಮಿಷ ಬರೀ ಕಸ.

“ನಾನು ನೋಡ್ತಾ ಕೂತ್ರೆ ಬರಲ್ಲ, ಕಾಫಿಗೆ ಹೋದ್ರೆ ಬರುತ್ತೆ,” ಎಂದಳು. “ಕಾಫಿ ಮೆಷಿನ್ನೇ ಇರ್ಬೇಕು! ಓವರ್.”

ಎಲೆಕ್ಟ್ರಿಷಿಯನ್ ಬಂದು ಕಾಫಿ ಮೆಷಿನ್ನಿನ ನಟ್ಟು ಬೋಲ್ಟು ಬಿಚ್ಚಿ ನೆಲದ ಮೇಲೆ ಹರಡಿದ. ಎರಡು ದಿನ ಇಡೀ ಆಫೀಸಿಗೆ ಕಾಫಿ ಇಲ್ಲ. ಎಲ್ಲರೂ ಅವಳ ಕಡೆ ಕೆಕ್ಕರಿಸಿ ನೋಡಿದರು. ಕಾಫಿ ಇಲ್ಲದ್ದರಿಂದ ಅವಳು ಬೆಂಚಿಗೆ ಬರಲಿಲ್ಲ, ಆದ್ದರಿಂದ ತಪ್ಪೂ ಬರಲಿಲ್ಲ. ಮೆಷಿನ್ನಿನ ಮೇಲಿನ ಅನುಮಾನ ಇನ್ನೂ ಗಟ್ಟಿಯಾಯಿತು.

ನಗುವ ವಿಷಯವೇ, ಆದರೆ ಅವಳ ಪಾಲಿಗಲ್ಲ. ಲ್ಯಾಬಿನ ಮುಖ್ಯಸ್ಥರನ್ನು ಎಲ್ಲರೂ ‘ದೊಡ್ಡವರು’ ಎನ್ನುತ್ತಿದ್ದರು. ಅವರು ಅವಳನ್ನು ಕರೆದು ಹೇಳಿದರು: “ನೋಡಮ್ಮ, ತಿಂಗಳ ಕೊನೆಗೆ ರಿವ್ಯೂ. ಕಾರಣ ಗೊತ್ತಿಲ್ಲದ ತಪ್ಪು ಇಟ್ಕೊಂಡಿರೋ ಪ್ರಯೋಗಕ್ಕೆ ನಾನು ಸಹಿ ಹಾಕಲ್ಲ. ಓರೆ ಅಲೆ ಸಾಕು. ನಿಮ್ಮನ್ನ ಚಾರ್ಜರ್ ಟೆಸ್ಟಿಂಗ್ ವಿಭಾಗಕ್ಕೆ ಹಾಕ್ತೀನಿ.” ನಾಲ್ಕು ವರ್ಷದ ಕೆಲಸ ಮಣ್ಣುಪಾಲು, ಮುಂದೆ ಜೀವನವೆಲ್ಲ ಚಾರ್ಜರ್‌ಗಳನ್ನು ಪ್ಲಗ್ಗಿಗೆ ಹಾಕಿ ತೆಗೆಯುವುದು. ಅವಳು ಇದನ್ನು ವಾಕಿಟಾಕಿಯಲ್ಲಿ ಅವನಿಗೆ ಹೇಳುವಾಗ ಓವರ್ ಎನ್ನುವುದನ್ನೂ ಮರೆತಳು.

“ಒಂದು ಕೆಲಸ ಮಾಡ್ತೀರಾ?” ಎಂದಳು. “ಗಾಳಿಗೇನಾದ್ರೂ ಅಲ್ಲಾಡುತ್ತಾ ನೋಡೋಣ. ಫೋನಿನಲ್ಲಿ ಕೋನ ಅಳೆಯೋ ಆ್ಯಪ್ ಇದೆಯಲ್ಲ, ಕಂಬಕ್ಕೆ ಕಟ್ಟಿ ನಾಲ್ಕು ಗಂಟೆಗೆ ನೋಡ್ತಾ ಇರಿ. ನನಗೆ ತಲೆ ಸಿಡೀತಿದೆ, ಕಾಫಿಗೆ ಹೋಗ್ತೀನಿ.”

ಅವನು ಫೋನನ್ನು ಕಣ್ಣಿನ ಎತ್ತರಕ್ಕೆ ಕಟ್ಟಿದ. ನಾಲ್ಕಾಯಿತು. ಸೊನ್ನೆ. ಗಾಳಿ ಬೀಸಿತು, ಆಗಲೂ ಸೊನ್ನೆ. ಆಚೆ ಮಹಡಿಯ ಬಾಗಿಲು ಕಿರ್ರೆಂದಿತು. ಅವನಿಗೆ ಅರಿವಿಲ್ಲದೆಯೇ ತೋಳು ಕಂಬವನ್ನು ಬಳಸಿತು, ಮೈ ಎಡಕ್ಕೆ ಜೋತಿತು. ಟ್ಯಾಂಕಿನ ಅಂಚಿನಲ್ಲಿ ಕಾಫಿ ಕಪ್ ಕಾಣಿಸಿತು. ಫೋನಿನಲ್ಲಿ ಒಂಬತ್ತು. ಇನ್ನೊಂದಿಷ್ಟು ಜೋತ. ಮುಖ ಕಾಣಿಸಿತು. ಫೋನಿನಲ್ಲಿ ಹನ್ನೆರಡು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಕಪ್ಪನ್ನಷ್ಟೇ ನೋಡಿ ತೃಪ್ತಿಪಟ್ಟಿದ್ದರೆ ಯಾವ ತಪ್ಪೂ ಬರುತ್ತಿರಲಿಲ್ಲ. ಮುಖದ ಆಸೆಯ ಮೂರು ಡಿಗ್ರಿ ಅವಳ ನಾಲ್ಕು ವರ್ಷವನ್ನು ತಿನ್ನುತ್ತಿತ್ತು. ಕಂಬ ಕಾಯಲು ಇಟ್ಟವನೇ ಕಂಬ ಬಗ್ಗಿಸಿದ್ದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

“ಅಲ್ಲಾಡ್ತಾ?” ಎಂದು ಕೇಳಿತು ಡಬ್ಬಿ.

“ಗಾಳಿಗೆ... ಗಾಳಿಗೆ ಅಲ್ಲಾಡ್ಲಿಲ್ಲ ಮೇಡಂ,” ಎಂದ. ಅದು ಸುಳ್ಳಲ್ಲ. ಅದಕ್ಕೇ ಅವನಿಗೆ ಹೆಚ್ಚು ನಾಚಿಕೆಯಾಯಿತು.

ಮರುದಿನದಿಂದ ನಾಲ್ಕು ಗಂಟೆಗೆ ಅವನು ಕಂಬಕ್ಕೆ ಬೆನ್ನು ಹಾಕಿ ಕೂತ. ತಪ್ಪುಗಳು ನಿಂತವು. ಅವಳು ಕಾಫಿಗೆ ಹೋದರೂ ಬರಲಿಲ್ಲ. ಇಷ್ಟಕ್ಕೆ ಎಲ್ಲ ಮುಗಿಯಿತು ಎಂದುಕೊಂಡ. ಆದರೆ ದೊಡ್ಡವರು ಮುಗಿಸಲಿಲ್ಲ.

“ಅವರೇನಂದ್ರು ಗೊತ್ತಾ?” ಎಂದಳು ಅವಳು. “ಹೇಳದೇ ಹೋದ ಜ್ವರ ಹೇಳದೇ ಬರುತ್ತಂತೆ. ಕಾರಣ ಬೇಕೇ ಬೇಕಂತೆ. ನಾಡಿದ್ದು ರಿವ್ಯೂ.” ಆಮೇಲೆ, “ನೀವೇನು ಈಚೆಗೆ ಮಾತೇ ಆಡಲ್ಲ? ಓವರ್,” ಎಂದಳು.

“ಕಂಬ ನೆಟ್ಟಗಿದೆ ಮೇಡಂ. ಓವರ್.”

“ಕಂಬದ್ದಲ್ಲ ಕೇಳಿದ್ದು.”

ಆ ಸಂಜೆ ಮನೆಯಲ್ಲಿ ಅವನ ಅಕ್ಕ ಅಂಗಿ ಹಿಡಿದು ಬಂದಳು. “ಏನೋ ಇದು? ಎಲ್ಲ ಅಂಗಿಗೂ ಬಲಗಡೆ ಭುಜದ ಮೇಲೇ ಗ್ರೀಸ್! ಕಂಬ ಹತ್ತೋನಿಗೆ ಎದೆ ಮೇಲೆ ಕಲೆ ಇರ್ಬೇಕು. ಭುಜದ ಮೇಲೆ ಹೆಂಗೋ ಬರುತ್ತೆ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನೂ ಮುಟ್ಟಿ ನೋಡಿಕೊಂಡ. ಅಕ್ಕನ ಕಣ್ಣು ತಪ್ಪಿಸುವುದು ಅವನಿಗೆ ಚಿಕ್ಕಂದಿನಿಂದಲೂ ಆಗಿರಲಿಲ್ಲ. ಎಲ್ಲ ಬಾಯಿಬಿಟ್ಟ.

ಅಕ್ಕ ಮೊದಲು ನಕ್ಕಳು. ನಗುತ್ತಾ ಕುರ್ಚಿಯಲ್ಲಿ ಕೂತಳು. ಕಣ್ಣೀರು ಒರೆಸಿಕೊಂಡು ಮತ್ತೆ ನಕ್ಕಳು. “ಮುಂದೆ ಮಕ್ಕಳು ಕೇಳಿದ್ರೆ ಏನ್ ಹೇಳ್ತೀಯೋ? ನಿಮ್ಮಮ್ಮನ್ನ ಕಂಬಕ್ಕೆ ಜೋತುಬಿದ್ದು ನೋಡ್ದೆ ಅಂತಲಾ?”

“ಅಕ್ಕಾ, ಅವರ ಕೆಲಸ ಹೋಗ್ತಿದೆ.”

ಅಕ್ಕನ ನಗು ನಿಂತಿತು. “ಹಂಗಾದ್ರೆ ಹೇಳ್ಬಿಡು.”

“ಹೆಂಗೆ ಹೇಳ್ಲಿ? ಅಷ್ಟು ಜನರ ಮುಂದೆ! ಆಮೇಲೆ ಅವರು ನನ್ನ ಮುಖ ನೋಡ್ತಾರಾ?”

“ಕ್ಲಾಂಪ್ ಸಡಿಲ ಇತ್ತು ಅಂತ ಹೇಳು. ಹಾವೂ ಸಾಯಬಾರದು, ಕೋಲೂ ಮುರೀಬಾರದು.”

ಒಳ್ಳೆಯ ಸಲಹೆ ಎನ್ನಿಸಿತು. ಎರಡು ದಿನ ಕನ್ನಡಿಯ ಮುಂದೆ ನಿಂತು “ಕ್ಲಾಂಪ್ ಸಡಿಲ ಇತ್ತು ಸರ್” ಎಂದು ಅಭ್ಯಾಸ ಮಾಡಿದ.

ರಿವ್ಯೂ ದಿನ ಸಣ್ಣ ಕೋಣೆಯಲ್ಲಿ ದೊಡ್ಡವರು, ಹೊರಗಿನಿಂದ ಬಂದ ಒಬ್ಬ ಪರೀಕ್ಷಕ, ಒಬ್ಬ ಪರೀಕ್ಷಕಿ, ಬೋರ್ಡಿನ ಮುಂದೆ ಅವಳು. ಇವನು ಬಾಗಿಲ ಪಕ್ಕದ ಕುರ್ಚಿಯಲ್ಲಿ. ಇಷ್ಟು ಹತ್ತಿರದಿಂದ ಅವಳನ್ನು ನೋಡುತ್ತಿದ್ದದ್ದು ಅದೇ ಮೊದಲು. ಯಾವುದಕ್ಕೂ ಜೋತುಬೀಳದೆ ಅವಳು ಪೂರ್ತಿ ಕಾಣುತ್ತಿದ್ದಳು. ಎಡಗೆನ್ನೆಯ ಮೇಲೊಂದು ಮಚ್ಚೆ ಇರುವುದು ಅವನಿಗೆ ಇವತ್ತು ತಿಳಿಯಿತು.

ಅವಳು ಚೆನ್ನಾಗಿಯೇ ಹೇಳಿದಳು. ಕೊನೆಗೆ ಪರೀಕ್ಷಕಿ ಕೇಳಿದರು, “ನಾಲ್ಕು ಗಂಟೆಯ ತಪ್ಪಿಗೆ ಕಾರಣ?”

“ಗೊತ್ತಾಗಲಿಲ್ಲ ಮೇಡಂ.” ಅವಳ ದನಿ ಸಣ್ಣದಾಯಿತು. “ಎಲ್ಲ ಹುಡುಕಿದೆ.”

ದೊಡ್ಡವರು ಪೆನ್ನಿನ ಮುಚ್ಚಳ ತೆಗೆದರು. ಅವಳು ಬೋರ್ಡಿನ ಕಡೆ ತಿರುಗಿ, ಅಳಿಸಬೇಕಾದ್ದೇನೂ ಇಲ್ಲದಿದ್ದರೂ ಅಳಿಸತೊಡಗಿದಳು. ಅದನ್ನು ಅವನಿಂದ ನೋಡಲಾಗಲಿಲ್ಲ. ಎದ್ದು ನಿಂತ.

“ಕಂಬ ವಾಲಿತ್ತು ಸರ್.”

“ಎಷ್ಟು?” ಎಂದರು ದೊಡ್ಡವರು.

“ಹನ್ನೆರಡು ಡಿಗ್ರಿ. ಎಡಕ್ಕೆ. ಕ್ಲಾಂಪ್ ಸಡಿಲ ಇತ್ತು ಸರ್.”

“ಕ್ಲಾಂಪ್ ದಿನಾ ನಾಲ್ಕಕ್ಕೆ ಸಡಿಲ ಆಗಿ, ನಾಲ್ಕು ಹನ್ನೆರಡಕ್ಕೆ ಬಿಗಿ ಆಗುತ್ತೇನ್ರೀ?”

ಕನ್ನಡಿ ಈ ಪ್ರಶ್ನೆ ಕೇಳಿರಲಿಲ್ಲ. “ಇಲ್ಲ ಸರ್. ನಾನೇ ಜೋತುಬೀಳ್ತಿದ್ದೆ.”

“ಯಾಕೆ?”

“ಟ್ಯಾಂಕ್ ಅಡ್ಡ ಇತ್ತು ಸರ್.”

“ಯಾವುದಕ್ಕೆ ಅಡ್ಡ?”

ಅವನು ನೆಲ ನೋಡುತ್ತಾ ಹೇಳಿದ. “ಒಂಬತ್ತು ಡಿಗ್ರಿಗೆ ಕಾಫಿ ಕಪ್ ಕಾಣುತ್ತೆ ಸರ್. ಹನ್ನೆರಡಕ್ಕೆ ಮುಖ.”

ಯಾರ ಮುಖ ಎಂದು ಯಾರೂ ಕೇಳಲಿಲ್ಲ. ಪರೀಕ್ಷಕರಿಬ್ಬರೂ ಮೆಲ್ಲಗೆ ಬೋರ್ಡಿನ ಕಡೆ ತಿರುಗಿದರು. ಅವಳ ಮುಖ ಕೆಂಪಾಗಿತ್ತು. ನಾಚಿಕೆಗೋ ಸಿಟ್ಟಿಗೋ ಹೇಳುವಂತಿರಲಿಲ್ಲ. ಅವಳು ಮಾರ್ಕರನ್ನು ಕೋಲಿನಂತೆ ಹಿಡಿದು ಕೇಳಿದ್ದು ಒಂದೇ ಮಾತು.

“ನಿಮ್ಮ ಎಡಕ್ಕಾ, ನನ್ನ ಎಡಕ್ಕಾ?”

“ನನ್ನ ಎಡಕ್ಕೆ ಮೇಡಂ.”

ಅವಳು ಲ್ಯಾಪ್‌ಟಾಪಿನ ಮೇಲೆ ಬಗ್ಗಿದಳು. ಆ ದಿನಗಳ ಹನ್ನೆರಡು ನಿಮಿಷಗಳಲ್ಲಿ ರಿಸೀವರ್ ಹಿಡಿದದ್ದನ್ನೆಲ್ಲ ತೆಗೆದು, ಪ್ರತಿಯೊಂದನ್ನೂ ಒಂದು ಮನೆ ಹಿಂದಕ್ಕೆ ಸರಿಸಿದಳು. ತಪ್ಪುಗಳ ಎಣಿಕೆ ಇಳಿಯಿತು, ಇನ್ನೂ ಇಳಿಯಿತು, ಸೊನ್ನೆಗೆ ಬಂದು ನಿಂತಿತು. ಕಸ ಎಂದುಕೊಂಡಿದ್ದೆಲ್ಲ ಸರಿಯಾದ ಮಾತೇ ಆಗಿತ್ತು, ಬರೀ ವಾಲಿ ಬಂದಿತ್ತು. ರಿಸೀವರ್ ಒಂದನ್ನೂ ಬಿಟ್ಟಿರಲಿಲ್ಲ.

ಪರೀಕ್ಷಕಿ ಕನ್ನಡಕ ತೆಗೆದು ಒರೆಸಿದರು. “ರಸ್ತೆ ಆಚೆ ಒಬ್ಬ ಮನುಷ್ಯ ಬಗ್ಗಿ ನೋಡಿದ್ದೂ ಗೊತ್ತಾಗುತ್ತೆ ಅಂದ್ರೆ ರಿಸೀವರ್ ಚೆನ್ನಾಗೇ ಇದೆ,” ಎಂದರು. ತುಟಿ ಬಿಗಿಹಿಡಿದಿದ್ದರೂ ಭುಜ ಕುಲುಕುತ್ತಿತ್ತು.

ದೊಡ್ಡವರು ಸಹಿ ಹಾಕಿದರು. ಆಮೇಲೆ ಇವನ ಕಡೆ ಬೆರಳು ತೋರಿಸಿ, “ಕಂಬ, ನೀವು ಹೊರಗೆ ನಡೀರಿ. ಐದು ಗಂಟೆ ಒಳಗೆ ತಪ್ಪಿನ ರಿಪೋರ್ಟ್ ನನ್ನ ಮೇಜಿನ ಮೇಲಿರ್ಬೇಕು,” ಎಂದರು.

ಅವನು ತನ್ನ ಮಹಡಿಗೆ ಬಂದು ಕಂಬದ ಪಕ್ಕ ಕೂತ. ಅವಳ ಕೆಲಸ ಉಳಿಯಿತು, ಅಷ್ಟು ಸಾಕು ಎಂದು ತನಗೆ ತಾನೇ ಹೇಳಿಕೊಂಡ. ಸಾಕಾಗಲಿಲ್ಲ. ಇನ್ನು ಅವಳು ವಾಕಿಟಾಕಿಯಲ್ಲಿ ಒಂದು ಓವರ್ ಕೂಡ ಹೇಳುವುದಿಲ್ಲ ಎಂದುಕೊಂಡು ಡಬ್ಬಿಯನ್ನು ಪಕ್ಕಕ್ಕೆ ಇಟ್ಟ.

ನಾಲ್ಕು ಗಂಟೆಗೆ ಬಾಗಿಲು ಕಿರ್ರೆಂದಿತು. ಆಚೆ ಮಹಡಿಯದಲ್ಲ, ಈಚೆಯದು. ಅವಳು ನಿಂತಿದ್ದಳು. ಒಂದು ಕೈಯಲ್ಲಿ ಎರಡು ಕಾಗದದ ಕಪ್, ಕಂಕುಳಲ್ಲಿ ಒಂದು ಫಾರಂ. ಮೆಟ್ಟಿಲು ಹತ್ತಿದ್ದಕ್ಕೆ ಏದುಸಿರು.

“ಕಾಫಿ ಮೆಷಿನ್ ಬಿಚ್ಚಿಸಿದೆ ನಾನು!” ಎಂದಳು. “ಇಡೀ ಆಫೀಸ್ ನನಗೆ ಶಾಪ ಹಾಕಿದೆ. ಪಾಪ, ಪಾರಿವಾಳದ ಗೂಡು ಕಿತ್ತು ಪಕ್ಕದ ಕಟ್ಟಡಕ್ಕೆ ಸಾಗಿಸಿದೀನಿ!”

“ತಪ್ಪಾಯ್ತು ಮೇಡಂ.”

“ನಡುವೆ ಇರೋದು ಒಂದು ರಸ್ತೆ. ಜೀಬ್ರಾ ಕ್ರಾಸಿಂಗ್ ಕೂಡ ಇದೆ. ದಾಟಿ ಬರೋಕಾಗ್ತಿರ್ಲಿಲ್ವಾ?”

“ಬಂದು ಏನ್ ಹೇಳೋದು?”

“ನೆಟ್ಟಗಿದೆ ಅಂತ ನಾಲ್ಕು ಸಲ ಹೇಳೋಕೆ ಬರ್ತಿತ್ತಲ್ಲ, ಅದನ್ನೇ ಹೇಳ್ಬೇಕಿತ್ತು.” ಅವಳು ಕಪ್ ಅವನ ಕೈಗಿತ್ತು, ಮೋಟುಗೋಡೆಯ ಮೇಲೆ ಕೂತು, ಫಾರಂ ತೊಡೆಯ ಮೇಲೆ ಹರಡಿದಳು. “ಸರಿ, ಇದನ್ನ ತುಂಬ್ಬೇಕು. ಎಂಟನೇ ತಾರೀಕು ಇಪ್ಪತ್ತೆರಡು ನಿಮಿಷ ತಪ್ಪು ಬಂದಿದೆ. ನಾನು ಎದ್ದು ಹೋದ್ಮೇಲೂ ಹತ್ತು ನಿಮಿಷ. ನಾನೇ ಇಲ್ದೇ ಇರೋವಾಗ ಏನ್ ನೋಡ್ತಿದ್ರಿ?”

ಅವನು ಕಪ್ಪಿನೊಳಗೆ ನೋಡಿದ. “ಅವತ್ತು ನೀವು ಕಪ್ಪನ್ನ ಬೆಂಚ್ ಮೇಲೇ ಮರೆತು ಹೋಗಿದ್ರಿ. ತಗೊಳ್ಳೋಕೆ ವಾಪಸ್ ಬರ್ತೀರಾ ಅಂತ ಕಾದೆ.”

ಅವಳ ಪೆನ್ನು ನಿಂತಿತು.

“ನಾನು ಬಂದ್ನಾ?”

“ಇಲ್ಲ.”

ಅವಳು ಕಾಫಿ ಊದಿದಳು, ಕುಡಿಯಲಿಲ್ಲ. “ಹೋದ ವಾರ ನೀವು ಸುಮ್ಮನಾದ್ರಲ್ಲ,” ಎಂದಳು ಕೊನೆಗೆ, “ತಪ್ಪು ನಿಂತಿದ್ದಕ್ಕೆ ಎಲ್ಲರೂ ಖುಷಿಪಟ್ರು. ನನಗೆ ಕೂತಲ್ಲಿ ಕೂರೋಕಾಗ್ಲಿಲ್ಲ. ನಾಲ್ಕು ವರ್ಷದ ಕೆಲಸ ಹೋಗುತ್ತೆ ಅನ್ನೋ ಚಿಂತೆ ಅಂದ್ಕೊಂಡಿದ್ದೆ. ಇವತ್ತು ಸಹಿ ಬಿತ್ತು. ಆದ್ರೂ ಚಿಂತೆ ಹೋಗ್ಲಿಲ್ಲ. ಆಗ ಗೊತ್ತಾಯ್ತು, ಆ ಚಿಂತೆ ಬೇರೆದು. ನೀವು ನನಗೆ ಬೇಕು.”

ಅವನಿಗೆ ಏನೋ ಹೇಳಬೇಕೆನಿಸಿತು. ಬಾಯಿಗೆ ಬಂದದ್ದು ಒಂದೇ. “ಓವರ್?”

“ಓವರ್ ಅಲ್ಲ ರೀ, ಈಗ ಶುರು!” ಎಂದು ಅವಳು ಗಟ್ಟಿಯಾಗಿ ನಕ್ಕಳು. ನಗುತ್ತಲೇ ಫಾರಂ ಕಡೆ ಬಗ್ಗಿ, ಓದುತ್ತಾ ಬರೆಯತೊಡಗಿದಳು. “ತಪ್ಪಿನ ಕಾರಣ: ಕಂಬ ನೋಡಿಕೊಳ್ಳುವವರು ಇಂಜಿನಿಯರ್‌ನ ನೋಡಿದ್ದು. ಪರಿಹಾರ?”

“ಇನ್ಮೇಲೆ ನೋಡಲ್ಲ ಅಂತ ಬರೀರಿ.”

“ಬರೆದ್ರೆ ನಿಮ್ಮ ಕೈ ಮುರೀತೀನಿ. ಪರಿಹಾರ: ಇಂಜಿನಿಯರ್ ನಾಲ್ಕು ಗಂಟೆಗೆ ಕಾಫಿಯನ್ನು ಈ ಮಹಡಿಯಲ್ಲಿ ಕುಡಿಯತಕ್ಕದ್ದು.” ಕೊನೆಯ ಸಾಲಿಗೆ ಬಂದು ಅವಳು ಪೆನ್ನನ್ನು ಅವನ ಕಡೆ ಚಾಚಿದಳು. “ಇಲ್ಲಿ ಎರಡು ಚೌಕ ಇದೆ. ಪರಿಹಾರ ತಾತ್ಕಾಲಿಕವೋ, ಶಾಶ್ವತವೋ ಅಂತ. ಇದಕ್ಕೆ ನೀವು ಟಿಕ್ ಹಾಕ್ಬೇಕು.”

ಅವನು ಪೆನ್ನು ತೆಗೆದುಕೊಂಡ. “ಇನ್ನೊಂದ್ಸಲ ಯೋಚನೆ ಮಾಡಿ ಮೇಡಂ. ನಾನು ಕಂಬ ಹತ್ತೋನು.”

“ನಾನು ಅಳತೆ ಮಾಡದೆ ಏನೂ ಹೇಳೋಳಲ್ಲ. ಬೇಗ ಹಾಕಿ, ಐದಕ್ಕೆ ಕೊಡ್ಬೇಕು,” ಎಂದಳು ಅವಳು.

ಅವನು ಶಾಶ್ವತ ಎಂದಿದ್ದ ಚೌಕ ಹುಡುಕಿ ಟಿಕ್ ಹಾಕಿದ. ಎಲ್ಲಿ ಕಾಣದೇ ಹೋಗುತ್ತದೋ ಎಂದು ಅದರ ಮೇಲೆಯೇ ಇನ್ನೊಂದು ಸಲ ತಿದ್ದಿದ, ಕಾಗದ ತೂತಾಗುವಷ್ಟು.